ಇನ್ನಾಸಪ್ಪನ ಹೆಬ್ಬೆರಳು

ಕೈಗೆ ಯಾವ ವಸ್ತು ಸಿಕ್ಕರೂ ಅದರ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡದೆ ಇನ್ನಾಸಪ್ಪನಿಗೆ ಸಮಾಧಾನವಿರುತ್ತಿರಲಿಲ್ಲ. ಟೀ ಲೋಟದ ಬಾಯಿ, ಬುತ್ತಿಯ ಮುಚ್ಚಳ, ಒಮ್ಮೆ ನನ್ನ ಮಗಳ ಲಗ್ನಪತ್ರಿಕೆ ಕೂಡ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆಯ ಮೇಜಿನ ಹಿಂದೆ ನಿಂತವನು ಅವನು. ಲೋಹದ ಮೇಲಿನ ಕೂದಲೆಳೆಯಷ್ಟು ಮುಳ್ಳನ್ನೂ ಅಳತೆಯ ಸಾಧನಗಳಿಗಿಂತ ಮೊದಲು ಆ ಬೆರಳು ಹೇಳುತ್ತಿತ್ತು. ಖಾಕಿ ಕೋಟಿನ ಜೇಬಿನಲ್ಲಿ ಕೆಂಪು ಬಣ್ಣದ ಡಬ್ಬಿ, ಅದು ಚೆಲ್ಲದಿರಲೆಂದು ಸದಾ ಒಂದು ಕೈಯನ್ನು ಅದರ ಮೇಲಿಟ್ಟುಕೊಂಡ ನಿಧಾನದ ನಡಿಗೆ. ಸರಿಯಿಲ್ಲದ ತುಣುಕಿನ ಮೇಲೆ ಅವನ ಕೆಂಪು ಗೀಟು ಬಿದ್ದರೆ ಮಾಲೀಕರೇ ಬಂದು ಹೇಳಿದರೂ ಅಳಿಸುತ್ತಿರಲಿಲ್ಲ.

ಅದೇ ಹೆಬ್ಬೆರಳಿಗೆ ದಾಸರಹಳ್ಳಿಯ ಮನೆಯಲ್ಲಿ ಇನ್ನೊಂದು ಕೆಲಸವಿತ್ತು. ಸಂಜೆಯ ಜಪಮಾಲೆ ಮುಗಿದೊಡನೆ ಮಗ ಕ್ಲೆಮೆಂಟ್ "ಸ್ತೋತ್ರ ಅಪ್ಪಾ" ಎಂದು ತಲೆಬಾಗುವನು. ಇನ್ನಾಸಪ್ಪ ಅವನ ಹಣೆಯ ಮೇಲೆ ಶಿಲುಬೆಯ ಗುರುತೆಳೆಯುವನು. ಮಗ ಅಪ್ಪನಿಗಿಂತ ಎತ್ತರ ಬೆಳೆದು, ನಮ್ಮ ಕಾರ್ಖಾನೆಯಲ್ಲೇ ಲೇತಿಗೆ ನಿಂತ ಮೇಲೂ ಇದು ನಡೆದೇ ಇತ್ತು.

ತಪ್ಪಿದ್ದು ಒಂದೇ ಸಲ. ಕ್ಲೆಮೆಂಟ್ ಒಬ್ಬನೇ ನಿಂತು ಮಾಡಿದ ಮೊದಲ ನಲವತ್ತು ಬುಷ್‌ಗಳು, ಯಂತ್ರದ ದಂಡಕ್ಕೆ ತೊಡಿಸುವ ಲೋಹದ ಬಳೆಗಳು, ಅಪ್ಪನ ಮೇಜಿಗೆ ಬಂದವು. ನಲವತ್ತಕ್ಕೂ ಕೆಂಪು ಬಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನ್ಯಾಯವಾಗಿತ್ತು. ತನಗೆ ಮಗನೂ ಒಂದೇ, ಪರರೂ ಒಂದೇ ಎಂದು ನಮಗೆಲ್ಲ ತೋರಿಸುವ ಹುಮ್ಮಸ್ಸಿನಲ್ಲಿ ಅವನು ಕುಂಚವೆತ್ತಿ ಮಗನ ಅಂಗಿಯ ಎದೆಯ ಮೇಲೂ ಒಂದು ಗೀಟೆಳೆದುಬಿಟ್ಟ.

"ಇದೂ ರಿಜೆಕ್ಟು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕ್ಲೆಮೆಂಟ್ ಅಂಗಿಯನ್ನೊಮ್ಮೆ ನೋಡಿಕೊಂಡು ಯಂತ್ರದ ಕಡೆಗೆ ತಿರುಗಿದ. ಆ ಸಂಜೆ ಅವನು ಹಣೆಯೊಡ್ಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ಭಾನುವಾರ ಇನ್ನಾಸಪ್ಪನ ಹೆಂಡತಿ ಫಿಲೋಮಿನಾ ನನಗೆ ಫೋನ್ ಮಾಡಿದರು. "ಅಣ್ಣಾ, ಇವತ್ತು ಪೂಜೇಲಿ ಎಲ್ರೂ ಪರಮಪ್ರಸಾದಕ್ಕೆ ಎದ್ದೋದ್ರು, ಇವ್ರು ಬೆಂಚಲ್ಲೇ ಕೂತ್ಬಿಟ್ರು. ನೀವಾದ್ರೂ ಕೇಳಿ."

ಹೋಗಿ ಕೇಳಿದೆ. "ಮಗನ್ ಮನಸ್ಸು ಮುರ್ದು ಅಲ್ಲಿ ಹೆಂಗೋ ಕೈ ಚಾಚ್ಲಿ?" ಅಂದ.

"ನೀನು ಅಪ್ಪ ಕಣೋ. ಅವನೇ ಬರ್ತಾನೆ ಬಿಡು."

"ಅಪ್ಪ ಅನ್ನೋನು ಮೇಲಿರೋನು ಒಬ್ನೇ, ರಾಜೇಂದ್ರ. ನಂದು ಬರೀ ಶಿಫ್ಟ್ ಡ್ಯೂಟಿ."

ಮರುದಿನದ ಟೀ ವಿರಾಮದಲ್ಲಿ, ಅಂದು ನಕ್ಕವರೆಲ್ಲ ಸೇರಿದ್ದಾಗಲೇ, ಇನ್ನಾಸಪ್ಪ ಮಗನೆದುರು ಬಂದು ನಿಂತ. ಅವನ ಕೋಟಿನ ಎದೆಯ ಮೇಲೆ ತಾನೇ ಎಳೆದುಕೊಂಡ ಕೆಂಪು ಗೀಟು.

"ಏನಿನ್ನಾಸಣ್ಣ, ನೀನೂ ಸ್ಕ್ರ್ಯಾಪಾ?" ಎಂದು ಕರಿಬಸಪ್ಪ ಕೆಣಕಿದ.

"ಸ್ಕ್ರ್ಯಾಪಲ್ಲ ಕಣಯ್ಯಾ, ರೀವರ್ಕು. ತಿದ್ದುದ್ರೆ ಸರಿಯೋಗ್ತೀನಿ." ಆಮೇಲೆ ಮಗನ ಕಡೆ ತಿರುಗಿದ. "ಆ ನಲವತ್ತು ಪೀಸು ರಿಜೆಕ್ಟೇ, ಅದ್ರಲ್ಲಿ ಮಾತಿಲ್ಲ. ನಿನ್ ಮೇಲೆ ಗೀಟು ಹಾಕಿದ್ದು ನನ್ ತಪ್ಪು. ಕ್ಷಮಿಸ್ಬಿಡಪ್ಪ."

ಕ್ಲೆಮೆಂಟ್ ತನ್ನ ಟೀ ಲೋಟವನ್ನು ಅಪ್ಪನ ಕೈಗಿಟ್ಟ. "ಟೀ ಆರೋಯ್ತದೆ. ಕುಡಿಯಪ್ಪಾ."

ಆ ಸಂಜೆ ಮತ್ತೆ ಹಣೆ ಬಾಗಿತು. ಕೋಟಿನ ಗೀಟನ್ನು ಮಾತ್ರ ಇನ್ನಾಸಪ್ಪ ನಿವೃತ್ತನಾಗುವವರೆಗೂ ಅಳಿಸಲಿಲ್ಲ.

ಕಳೆದ ತಿಂಗಳು ಅವನು ತೀರಿಕೊಂಡ. ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ಕ್ಲೆಮೆಂಟ್ ಅದರ ಅಂಚಿನುದ್ದಕ್ಕೂ ಹೆಬ್ಬೆರಳು ಸವರಿದ. ಒಂದೆಡೆ ಬೆರಳು ನಿಂತಿತು. ಯಾರ ಅಳು ನಿಲ್ಲುವುದಕ್ಕೂ ಕಾಯದೆ ಉಪ್ಪುಕಾಗದ ತರಿಸಿ, ಮಂಡಿಯೂರಿ, ಆ ಸಿಬಿರನ್ನು ಉಜ್ಜಿ ನುಣುಪು ಮಾಡಿದ. ಅನಂತರ ಅದೇ ಬೆರಳಿನಿಂದ ಅಪ್ಪನ ಹಣೆಯ ಮೇಲೆ ಶಿಲುಬೆಯ ಗುರುತೆಳೆದ. ಗೆಳೆಯನ ಪಾಳಿ ಮುಗಿದದ್ದು ನನಗೆ ಆಗ ತಿಳಿಯಿತು.

ಮಕ್ಕಳನ್ನು ಅಳೆಯುವ ತಂದೆಯರು ಊರ ತುಂಬ ಇದ್ದಾರೆ. ತಾವು ಹಿಡಿದ ಅಳತೆಗೋಲಿನ ಕೆಳಗೆ ತಾವೇ ಹೋಗಿ ನಿಲ್ಲುವವರು ವಿರಳ. ಅಂಥವರ ಮಕ್ಕಳಿಗೆ, ಮುಂದೆಂದಾದರೂ ದೇವರನ್ನು ತಂದೆಯೆಂದು ಕರೆಯಬೇಕಾಗಿ ಬಂದಾಗ, ನಾಲಗೆ ತಡವರಿಸುವುದಿಲ್ಲ.