ಹಾರ್ನಿಗೆ ಓಡದವನು

ಅರಬ್ ನಾಡಿನ ಈ ಅರಾದ್‌ನಲ್ಲಿ ಹಳಬರನ್ನು ಬಿಟ್ಟರೆ ಯಾರೂ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸುತ್ತಾರೆ, ಹಾರ್ನ್ ಒತ್ತುತ್ತಾರೆ. ಒಳಗಿನಿಂದ ಒಬ್ಬ ಓಡಿ ಹೋಗಿ, ಕಿಟಕಿಯ ಹತ್ತಿರ ಬಗ್ಗಿ, ಏನು ಬೇಕೆಂದು ಕೇಳಿ ತಂದುಕೊಡಬೇಕು. ರೊಟ್ಟಿಗೂ ಹಾರ್ನ್, ಚೂಯಿಂಗ್ ಗಮ್ಮಿಗೂ ಹಾರ್ನ್. ನಾನಾಗಿದ್ದರೆ ದೇವರು ಕಾಲು ಕೊಟ್ಟದ್ದು ಯಾತಕ್ಕೆ ಅಂತ ಕೇಳಿಯೇ ಬಿಡುತ್ತಿದ್ದೆ. ಅದಕ್ಕೇ ನಮ್ಮವರು ನನ್ನನ್ನು ಕೌಂಟರಿನ ಹತ್ತಿರ ಬಿಡುವುದಿಲ್ಲ.

ನಮ್ಮವರು ಅಂದರೆ ಅಬ್ದುಲ್ ಅಜೀಜ್, ಈ ಸೌದಾಳ ಗಂಡ. ಅಂಗಡಿ ಅವರದು. ಇಂಥದ್ದಕ್ಕೆ ಇಲ್ಲಿ ಕೋಲ್ಡ್ ಸ್ಟೋರ್ ಅನ್ನುತ್ತಾರೆ. ಅಕ್ಕಿಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ಸಿಗುತ್ತದೆ. ಮೇಲಿನ ಫ್ಲ್ಯಾಟಿನಲ್ಲಿ ನಾವಿಬ್ಬರು ಮತ್ತು ಮಗಳು ಅಸ್ನಾ. ಕೆಳಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸದವರಿಬ್ಬರು. ಒಬ್ಬ ಉಳ್ಳಾಲದ ಇರ್ಷಾದ್. ಇನ್ನೊಬ್ಬ ನಮ್ಮವರ ಸ್ವಂತ ತಮ್ಮ ನಿಯಾಝ್.

ಇರ್ಷಾದನದು ಬಾಯಿ ಬೊಂಬಾಯಿ. ಹಾರ್ನ್ ಕೇಳುವ ಮೊದಲೇ ಹೊರಗಿರುತ್ತಾನೆ. ಅರಬ್ಬಿಗಳ ಹತ್ತಿರ ಅರಬಿ, ಪಾಕಿಸ್ತಾನದವರ ಹತ್ತಿರ ಉರ್ದು, ಮಲಯಾಳಿಗಳ ಹತ್ತಿರ ಮಲಯಾಳ. ಸಾಮಾನು ಜಾಸ್ತಿ ತೆಗೆದುಕೊಂಡವರಿಗೆ, "ಏನು ಹಾಜಿ, ಮನೆಯಲ್ಲಿ ಮದುವೆಯಾ? ನಮ್ಮನ್ನು ಕರೆಯಲೇ ಇಲ್ಲ" ಅನ್ನುತ್ತಾನೆ. ಅವರು ನಗುತ್ತಾರೆ, ನಕ್ಕವರು ಮತ್ತೊಂದು ಡಬ್ಬ ಬಿಸ್ಕತ್ತು ಹಾಕಿಸಿಕೊಳ್ಳುತ್ತಾರೆ.

ನಿಯಾಝ್ ಹಾಗಲ್ಲ. ಎದುರಿಗೆ ಯಾವುದೋ ಮನೆಗೆಲಸದ ಹೆಂಗಸು ಎರಡು ಶಾಂಪೂ ಹಿಡಿದು ಯಾವುದು ಒಳ್ಳೆಯದೆಂದು ನೋಡುತ್ತಾ ನಿಂತಿದ್ದರೆ, ಇವನೂ ಅವಳ ಜೊತೆ ನಿಂತಿರುತ್ತಾನೆ. ಹೊರಗೆ ಹಾರ್ನ್ ಹೊಡೆದು ಹೊಡೆದು ಕಾರು ಹೊರಟೇಹೋಗುತ್ತದೆ. ಆಕೆಯದು ಮುಗಿದ ಮೇಲೆ ಹೊರಗೆ ಬಂದು, ಖಾಲಿ ರಸ್ತೆಯನ್ನು ಒಮ್ಮೆ ನೋಡಿ, ಒಳಗೆ ಹೋಗುತ್ತಾನೆ. ನನಗೆ ಮೈ ಉರಿದುಹೋಗುತ್ತಿತ್ತು.

ನಮ್ಮವರು ಬುದಯ್ಯದಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟಾಗ ಇದು ದೊಡ್ಡ ವಿಷಯವಾಯಿತು. ಅವರು ಅಲ್ಲಿಗೆ ಹೋದರೆ ಇಲ್ಲಿನ ಕೌಂಟರ್ ಯಾರಿಗೆ? ಕೌಂಟರಿನವನಾದರೆ ಸಂಬಳ ಏರುತ್ತದೆ. ಅಷ್ಟು ಸಂಬಳವಾದರೆ ಹೆಂಡತಿಗೆ ವೀಸಾ ತೆಗೆಸಬಹುದು. ಇರ್ಷಾದನಿಗೆ ಇನ್ನೂ ಮದುವೆಯಾಗಿಲ್ಲ. ನಿಯಾಝನ ಹೆಂಡತಿ ರಿಫಾನಾ ಊರಿನಲ್ಲಿದ್ದಾಳೆ, ಬಂಟ್ವಾಳದ ಹತ್ತಿರ. ನನ್ನ ಚಿಕ್ಕಮ್ಮನ ಮಗಳು. ಸಂಬಂಧ ಕುದುರಿಸಿದವಳು ನಾನೇ, ಹಾಗಾಗಿ ದೂರೆಲ್ಲ ನನಗೇ ಬರುತ್ತದೆ.

"ಅಕ್ಕಾ, ಬೇರೆಯವರ ಗಂಡಂದಿರು ಫೋನಲ್ಲಾದ್ರೂ ಮಾತಾಡ್ತಾರೆ. ಇವರು ಅಲ್ಲಿಂದ ಹೂಂ ಅಂತಾರೆ, ನಾನು ಇಲ್ಲಿಂದ ಹೂಂ ಅನ್ನೋದು. ಎದುರಿಗಿದ್ರೆ ಮುಖ ನೋಡಿಯಾದ್ರೂ ಗೊತ್ತಾಗ್ತದೆ. ಮಾತಾಡದ ಗಂಡನನ್ನು ಫೋನಲ್ಲಿ ಇಟ್ಕೊಂಡು ನಾನು ಎಂತ ಮಾಡ್ಲಿ?"

ಅವತ್ತೇ ಊಟದ ಹೊತ್ತಿಗೆ ನಮ್ಮವರ ಬಳಿ ವಿಷಯ ತೆಗೆದೆ.

"ಕೌಂಟರ್ ನಿಯಾಝನಿಗೆ ಕೊಡಿ."

"ತಮ್ಮ ಅಂತ ಕೌಂಟರ್ ಕೊಡ್ಲಿಕ್ಕೆ ಆಗ್ತದಾ ಸೌದಾ? ಗಿರಾಕಿ ಓಡಿಹೋದ್ರೆ ಎರಡು ಅಂಗಡಿಯೂ ಹೋಯ್ತು."

"ರಿಫಾನಾ ಅಲ್ಲಿ ಒಬ್ಬಳೇ."

"ಅದು ನಿನಗೂ ಅವಳಿಗೂ ಅವಸರ. ಅವನು ಒಂದು ದಿನ ಕೇಳಿದ್ದುಂಟಾ? ಹಿಂದೆ ಡಬ್ಬ ಜೋಡಿಸ್ಕೊಂಡು ಆರಾಮಾಗಿದ್ದಾನೆ. ಅವನ ಸ್ವಭಾವವೇ ಹಾಗೆ."

ನಾನು ಸುಮ್ಮನೆ ಬಿಡುವವಳಲ್ಲ. ತಲೆ ತಿಂದೆ. ಕೊನೆಗೆ ಅವರು ಒಂದು ತಿಂಗಳ ಮಟ್ಟಿಗೆ ಒಪ್ಪಿದರು. ಬುದಯ್ಯದ ಅಂಗಡಿಗೆ ಕಪಾಟು ಹೊಡೆಸುವವರೆಗೆ ನಿಯಾಝ್ ಕೌಂಟರಿನಲ್ಲಿ ಕೂರಬೇಕು, ಇರ್ಷಾದ್ ಮನೆಮನೆಗೆ ಸಾಮಾನು ಮುಟ್ಟಿಸಬೇಕು. ಷರತ್ತು ಒಂದೇ: ನಿಯಾಝ್ ಜನರ ಹತ್ತಿರ ಮಾತಾಡಬೇಕು.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯ ಕಟ್ಟೆಯೇ ಕೌಂಟರ್, ಅಸ್ನಾಳೇ ಗಿರಾಕಿ. ಇರ್ಷಾದ್ ಏನೇನು ಹೇಳುತ್ತಾನೋ ಅದನ್ನೆಲ್ಲ ನಾನು ಹೇಳಿಕೊಟ್ಟೆ. ಬಂದ ಕೂಡಲೇ ನಗಬೇಕು. ಆರೋಗ್ಯ ಕೇಳಬೇಕು. ಬಹಳ ದಿನ ಕಾಣದವರಿಗೆ ಎಲ್ಲಿ ಹೋಗಿದ್ದಿರಿ ಅನ್ನಬೇಕು. ಜಾಸ್ತಿ ಕೊಂಡವರಿಗೆ ಮದುವೆಯ ತಮಾಷೆ.

ನಿಯಾಝ್ ನಕ್ಕ.

"ಉಮ್ಮಾ," ಅಂದಳು ಅಸ್ನಾ, "ಚಿಕ್ಕಪ್ಪನಿಗೆ ಟೂತ್ ಪೇಯ್ನ್ ಬಂದ ಹಾಗೆ ಕಾಣ್ತದೆ."

"ನೀನು ಬಾಯಿ ಮುಚ್ಚು. ನಿಯಾಝ್, ಇನ್ನೊಮ್ಮೆ. ಹಲ್ಲು ಕಾಣ್ಬೇಕು, ಆದ್ರೆ ಕಚ್ಚುವ ಹಾಗೆ ಅಲ್ಲ."

"ಅತ್ತಿಗೆ, ಅವರಿಗೆ ಬೇಕಾದ್ದು ಕೊಟ್ರೆ ಸಾಕಲ್ವಾ?"

"ಸಾಕಿದ್ರೆ ನಿನ್ನನ್ನು ಇಲ್ಲಿ ನಿಲ್ಲಿಸ್ತಿದ್ದೆನಾ? ನಿನ್ನ ಹೆಂಡತಿಯನ್ನು ನೆನೆಸ್ಕೊಂಡು ನಗು ಮಾರಾಯ."

ಅವನು ಮತ್ತೆ ನಕ್ಕ. ಈ ಸಲ ಸ್ವಲ್ಪ ಪರವಾಗಿಲ್ಲ ಅನ್ನಿಸಿತು.

ಮೊದಲ ವಾರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಹೋಯಿತು. ಹಾರ್ನಿಗೆ ಓಡಿದ. ಬೆವರು ಒರೆಸಿಕೊಂಡು ಮತ್ತೆ ಓಡಿದ. ಪಾಠ ಒಪ್ಪಿಸಿದ ಹಾಗೆ ಎಲ್ಲರಿಗೂ ಒಂದೇ ಸ್ವರದಲ್ಲಿ ಕ್ಷೇಮ ಕೇಳಿದ. ಕೆಲವರು ಅವನ ಮುಖ ನೋಡಿ, ಏನಾಯಿತು ಇವನಿಗೆ ಅಂತ ನನ್ನ ಕಡೆ ತಿರುಗಿದರು. ಮಧ್ಯಾಹ್ನ ಊಟ ಕೊಡಲು ಹೋದಾಗ ನಾನು ಮೂಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದೆ. ಅವನಿಗೆ ಹಿಂಸೆಯಾಗುತ್ತಿದೆ ಎಂದು ನನಗೆ ಕಾಣದೆ ಇರಲಿಲ್ಲ. ಆದರೆ ರಿಫಾನಾ ಬಂದ ಮೇಲೆ ಎಲ್ಲ ಸರಿಯಾಗುತ್ತದೆ, ಅಲ್ಲಿಯವರೆಗೆ ಹಲ್ಲು ಕಚ್ಚಿ ನಡೆಸಲಿ ಅಂದುಕೊಂಡೆ.

ಅಬು ಯೂಸುಫ್ ನಮ್ಮ ಹಳೆಯ ಗಿರಾಕಿ. ಹಿಂದಿನ ಗಲ್ಲಿಯಲ್ಲಿ ಅವರ ಮತ್ತು ಹೆಂಡತಿ ಉಮ್ ಯೂಸುಫಳ ಮನೆ. ನಡೆದೇ ಬರುತ್ತಾರೆ, ದಿನಾ ರೊಟ್ಟಿ ಮತ್ತು ಮಜ್ಜಿಗೆಯ ಬಾಟಲಿ ಒಯ್ಯುತ್ತಾರೆ. ಕೆಲವು ದಿನಗಳಿಂದ ಅವರು ಕಂಡಿರಲಿಲ್ಲ. ಆ ಮಧ್ಯಾಹ್ನ ನಾನು ಟಿಫಿನ್ ಹಿಡಿದು ಒಳಗೆ ಕಾಲಿಡುವಾಗ ಅವರು ಕೌಂಟರಿನ ಮುಂದೆ ನಿಂತಿದ್ದರು. ನೀರಿನ ಚಿಕ್ಕ ಬಾಟಲಿಗಳ ಪೆಟ್ಟಿಗೆಗಳು ಬೇಕು ಅಂದರು. ಕಾಗದದ ಲೋಟ, ಖರ್ಜೂರ, ಕಾಫಿ ಪುಡಿ ಬೇಕು ಅಂದರು. ಟಿಶ್ಯೂ ಬೇಕು, ಜಾಸ್ತಿ ಬೇಕು ಅಂದರು. ಗಡ್ಡ ಬೆಳೆದಿತ್ತು, ಸ್ವರ ಬಿದ್ದುಹೋಗಿತ್ತು.

ನೀರು, ಕಾಫಿ, ಖರ್ಜೂರ, ಟಿಶ್ಯೂ. ಮಿಠಾಯಿ ಇಲ್ಲ, ಶರಬತ್ತು ಇಲ್ಲ. ಬೇರೆ ಯಾವ ದಿನವಾದರೂ ನಿಯಾಝ್ ಎರಡನೆಯ ಸಾಮಾನು ಕೇಳುವಷ್ಟರಲ್ಲಿ ತಿಳಿದುಕೊಳ್ಳುತ್ತಿದ್ದ. ಅವನು ಜನರ ಬಾಯಿ ನೋಡುವವನಲ್ಲ, ಕೈ ನೋಡುವವನು. ಆದರೆ ಅವತ್ತು ಅವನ ತಲೆಯೊಳಗೆ ನನ್ನ ಪಾಠ ಓಡುತ್ತಿತ್ತು. ಕೊನೆಯ ಪೆಟ್ಟಿಗೆ ತಂದಿಟ್ಟು, ತಲೆ ಎತ್ತಿ, ಹಲ್ಲು ಕಾಣುವ ಹಾಗೆ ನಕ್ಕು ಅರಬಿಯಲ್ಲಿ ಕೇಳಿದ:

"ಏನು ಹಾಜಿ, ಮನೆಯಲ್ಲಿ ಮದುವೆಯಾ? ನಮ್ಮನ್ನು ಕರೆಯಲೇ ಇಲ್ಲ."

ಅಬು ಯೂಸುಫ್ ಅವನನ್ನು ನೋಡಿದರು. ಕೋಪವಿರಲಿಲ್ಲ.

"ಉಮ್ ಯೂಸುಫ್ ಹೋದಳು," ಅಂದರು. "ಇವತ್ತು ಇಳಿಹೊತ್ತಿನ ಅಸರ್ ನಮಾಜಿನ ನಂತರ ದಫನ."

ನಾನು ಟಿಫಿನ್ ಕೆಳಗಿಟ್ಟು, ಸಾವಿನ ಸುದ್ದಿಗೆ ಅನ್ನುವ ಇನ್ನಾಲಿಲ್ಲಾಹಿ ಅಂದೆ. ನಿಯಾಝನ ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತು; ಅದನ್ನು ತೆಗೆಯುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಅದು ಇಳಿಯಿತು. ಅವನು ಕೌಂಟರಿನಿಂದ ಹೊರಗೆ ಬಂದು ಪೆಟ್ಟಿಗೆಗಳನ್ನು ತಳ್ಳುಗಾಡಿಗೆ ಏರಿಸಿದ, ಅಬು ಯೂಸುಫರ ಕೈಯ ಚೀಲ ತೆಗೆದುಕೊಂಡ, ಅವರ ಹಿಂದೆ ನಡೆದುಬಿಟ್ಟ. ನನಗೆ ಒಂದು ಮಾತು ಹೇಳಲಿಲ್ಲ.

ಅಂಗಡಿಯಲ್ಲಿ ಉಳಿದವಳು ನಾನೊಬ್ಬಳೇ. ಹೊರಗೆ ಹಾರ್ನ್ ಶುರುವಾಯಿತು. ಮೊದಲನೆಯವನಿಗೆ ಬಾಗಿಲಲ್ಲೇ ನಿಂತು, "ಇಳಿದು ಬಾ" ಅಂತ ಕೈಸನ್ನೆ ಮಾಡಿದೆ. ಎರಡನೆಯವನಿಗೂ ಅದೇ. ಒಬ್ಬ ಬಂದ, ಒಬ್ಬ ಹೋದ. ನಮ್ಮವರು ಬುದಯ್ಯದಿಂದ ಬಂದಾಗ ನಾನು ಯಾರದ್ದೋ ಡ್ರೈವರಿಗೆ ಬೈಯುತ್ತಿದ್ದೆ.

"ಅವನೆಲ್ಲಿ?"

ನಾನು ನಡೆದದ್ದನ್ನು ಹೇಳಿದೆ. ಮದುವೆಯ ಮಾತು ಯಾರು ಕಲಿಸಿದ್ದು ಅಂತ ಅವರು ಕೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ. ಆಮೇಲೆ, "ಕೌಂಟರ್ ಬಿಟ್ಟು ಹೋಗುವುದು ಅಂದ್ರೆ ಎಂತ ಸೌದಾ? ಹೇಳಿ ಹೋಗ್ಲಿಕ್ಕಾದ್ರೂ ಬಾಯಿ ಬೇಡವಾ?" ಅಂದರು.

ಸಂಜೆ ನಾವಿಬ್ಬರೂ ಅಬು ಯೂಸುಫರ ಮನೆಗೆ ಹೋದೆವು. ನಾನು ಹೆಂಗಸರ ಕಡೆ ಕೂತೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಗಂಡಸರು ಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದರು. ನಡುವೆ ನಿಯಾಝ್ ಓಡಾಡುತ್ತಿದ್ದ. ಒಬ್ಬರ ಲೋಟ ಖಾಲಿಯಾಗುವ ಮೊದಲೇ ಕಾಫಿಯ ಹೂಜಿ ಅಲ್ಲಿರುತ್ತಿತ್ತು. ಕೂತಲ್ಲೇ ಭುಜ ಕುಗ್ಗಿಸಿದ ಮುದುಕನ ಪಕ್ಕಕ್ಕೆ ಟಿಶ್ಯೂ ಪೆಟ್ಟಿಗೆ ಸರಿಯಿತು. ಏಳಲು ಹೊರಟವರ ಚಪ್ಪಲಿ ಅವರ ಕಡೆಗೆ ತಿರುಗಿತು. ಯಾರೂ ಅವನನ್ನು ಕರೆಯುತ್ತಿರಲಿಲ್ಲ, ಅವನೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಬು ಯೂಸುಫ್ ಒಮ್ಮೆ ಅವನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಇಬ್ಬರೂ ಹಾಗೇ ಕೂತಿದ್ದರು. ನನಗೆ ಅಳು ಬಂತು, ತಡೆಯಲಿಲ್ಲ. ಸಾವಿನ ಮನೆಯಲ್ಲಿ ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲ.

ದುಃಖ ಆಚರಿಸುವ ಮೂರು ದಿನವೂ ಅವನು ಅಲ್ಲಿಗೆ ಹೋದ. ಬೆಳಿಗ್ಗೆ ಅಂಗಡಿ, ಅಸರಿನ ನಂತರ ಆ ಮನೆ. ಹಾರ್ನಿಗೆ ಓಡುವುದನ್ನು ಬಿಟ್ಟ, ನಗುವುದನ್ನೂ ಬಿಟ್ಟ. ನಾನು ಅದರ ಸುದ್ದಿ ಎತ್ತಲಿಲ್ಲ. ನಮ್ಮವರ ಹತ್ತಿರ ಮಾತ್ರ ಹೇಳಿದೆ.

"ನೋಡಿದ್ರಲ್ಲ ಅವನನ್ನು? ಅಷ್ಟು ಜನರನ್ನು ಒಬ್ಬನೇ ಸುಧಾರಿಸಿದ."

"ನೋಡಿದೆ. ನನಗೂ ಹೆಮ್ಮೆ ಆಯ್ತು," ಅಂದರು ಅವರು. "ಆದ್ರೆ ಅಂಗಡಿ ಸಾವಿನ ಮನೆ ಅಲ್ಲ ಸೌದಾ."

ಅವರು ಹೇಳಿದ್ದು ಸುಳ್ಳಲ್ಲ. ಆ ವಾರ ಹೋದ ಕಾರುಗಳನ್ನು ನಾನೇ ಕಣ್ಣಾರೆ ಕಂಡಿದ್ದೆ.

ನಾಲ್ಕನೆಯ ದಿನ ಅವರು ಬುದಯ್ಯಕ್ಕೆ ಹೋಗಲಿಲ್ಲ. ಊಟದ ನಂತರ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ನಿಯಾಝನನ್ನು ಕರೆದರು. ಇರ್ಷಾದ್ ಹೊರಗೆ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ನಾನು ಹಾಲಿನ ಫ್ರಿಜ್ಜಿನ ಹತ್ತಿರ, ಯಾವ ಕೆಲಸವೂ ಇಲ್ಲದೆ, ನಿಂತಿದ್ದೆ.

"ನಾಳೆಯಿಂದ ಇರ್ಷಾದ್ ಕೂರ್ಲಿ," ಅಂದರು ನಮ್ಮವರು. ಸ್ವರ ಮೆತ್ತಗಿತ್ತು. "ನಿನ್ನದು ತಪ್ಪು ಅಂತ ಅಲ್ಲ. ಈ ಕೆಲಸ ನಿನ್ನ ಸ್ವಭಾವಕ್ಕೆ ಆಗುವಂಥದ್ದಲ್ಲ. ನಾವೇ ನಿನ್ನನ್ನು ಎಳೆದು ಕೂರಿಸಿದ್ದು. ನಿನಗೆ ಹಿಂದೆ ಇರುವುದೇ ಇಷ್ಟ ಅಂತ ನನಗೆ ಗೊತ್ತುಂಟು."

ನಿಯಾಝ್ ತಲೆಯಾಡಿಸಿ ಒಳಗೆ ಹೋಗುತ್ತಾನೆ ಅಂದುಕೊಂಡೆ. ಯಾವಾಗಲೂ ಮಾಡುವುದು ಅದನ್ನೇ. ಅವನು ಹೋಗಲಿಲ್ಲ.

"ಇಷ್ಟ ಅಲ್ಲ," ಅಂದ.

"ಎಂತ?"

"ಹಿಂದೆ ಇರುವುದು ನನಗೆ ಇಷ್ಟ ಅಲ್ಲ ಅಣ್ಣಾ. ನನಗೆ ಕೌಂಟರ್ ಬೇಕು. ರಿಫಾನಾ ಬರ್ಬೇಕು." ಕೌಂಟರಿನ ಮೇಲೆ ಕೈಯಿಟ್ಟು, "ಇರ್ಷಾದನ ಮಾತು ನನ್ನಿಂದ ಆಗುವುದಿಲ್ಲ. ನನಗೆ ಬರುವ ಹಾಗೆ ನಡೆಸ್ತೇನೆ," ಅಂದ.

ನಮ್ಮವರು ಅವನನ್ನೇ ನೋಡುತ್ತಿದ್ದರು.

"ಬಂದು ಎಷ್ಟು ವರ್ಷ ಆಯ್ತು? ಒಂದು ದಿನ ಹೇಳ್ಬಾರ್ದಿತ್ತಾ?"

"ಯಾರಿಗೆ ಎಂತ ಬೇಕು ಅಂತ ನಾನು ನೋಡ್ತೇನಲ್ಲ ಅಣ್ಣಾ. ಅವರು ಹೇಳ್ಬೇಕಾಗುವುದಿಲ್ಲ." ನಿಯಾಝ್ ನೆಲ ನೋಡುತ್ತಾ ಹೇಳಿದ. "ನೀವೂ ನನ್ನನ್ನು ನೋಡ್ತೀರಿ ಅಂದ್ಕೊಂಡಿದ್ದೆ."

ನಮ್ಮವರ ಕಣ್ಣು ಒದ್ದೆಯಾಯಿತು. ಅವರು ಮೇಜಿನ ಮೇಲಿನ ಪೆನ್ನನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. ನನಗೂ ಆ ಮಾತು ನೇರವಾಗಿ ಬಂದು ತಾಗಿತು. ಇಷ್ಟು ವರ್ಷ ದಿನಾ ಊಟ ಬಡಿಸಿದವಳು ನಾನು, ರಿಫಾನಾಳ ದೂರು ಕೇಳಿದ್ದೇನೆ, ಇವನಿಗೂ ಒಂದು ಆಸೆ ಇದ್ದೀತು ಅಂತ ಇವನನ್ನು ಕೇಳಿರಲಿಲ್ಲ.

"ಹಾರ್ನ್ ಹೊಡೆದ್ರೆ?" ಕೊನೆಗೆ ನಮ್ಮವರು ಕೇಳಿದರು.

"ಎದುರಿಗಿದ್ದವರದ್ದು ಮುಗಿಸಿ ಹೋಗ್ತೇನೆ."

"ಕೆಲವರು ಹೊರಟುಹೋಗ್ತಾರೆ."

"ಹೌದು. ಹೋಗ್ತಾರೆ."

ನಮ್ಮವರು ಎದ್ದರು. ಬಾಗಿಲ ತನಕ ಹೋಗಿ ಇರ್ಷಾದನನ್ನು ಕರೆದು, ಬುದಯ್ಯದಲ್ಲಿ ಕಾರಿನಿಂದ ಇಳಿಯುವ ಜನವೇ ಇಲ್ಲ, ನೀನು ನನ್ನ ಜೊತೆ ಅಲ್ಲಿಗೆ ಬಾ, ಅಲ್ಲಿನ ಕೌಂಟರ್ ನಿನ್ನದು ಅಂದರು. ಇರ್ಷಾದ್ ಖುಷಿಯಿಂದ ಏನೇನೋ ಮಾತಾಡಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ರಿಫಾನಾಳಿಗೆ ಪಾಸ್‌ಪೋರ್ಟಿನ ಕಾಪಿ ಕಳಿಸ್ಲಿಕ್ಕೆ ಹೇಳು."

ನಾನು ಫೋನ್ ತೆಗೆದೆ. ಅಷ್ಟರಲ್ಲಿ ನಿಯಾಝ್ ತನ್ನದನ್ನು ಕಿವಿಗೆ ಹಿಡಿದಾಗಿತ್ತು. ಆಚೆಯಿಂದ ಅವಳು ಎತ್ತಿದಳು, ಏನೋ ಕೇಳಿದಳು. ಇವನು ಎಂದಿನಂತೆ ಹೂಂ ಅಂದ. ಆಮೇಲೆ ಉಸಿರು ಎಳೆದುಕೊಂಡ.

"ರಿಫಾನಾ," ಅಂದ, "ಇಲ್ಲಿಗೆ ಬಾ. ನೀನಿಲ್ಲದೆ ನನಗೆ ಆಗುವುದಿಲ್ಲ."

ಆಚೆ ಬಹಳ ಹೊತ್ತು ಸದ್ದೇ ಇರಲಿಲ್ಲ. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ, ಅವಳು ಮಾತಾಡುವವರೆಗೆ ಹಾಗೇ ನಿಂತಿದ್ದ.