ಹಳದಿ ಹಿಡಿಯ ಬಾರ್ಲೋ

ಹೋಬರ್ಟ್ ಕ್ರಿಸ್ಪ್ ಆ ಹಳದಿ ಹಿಡಿಯ ಚಾಕುವನ್ನು ಗೆಳೆಯನ ಕೈಗಿಡುವ ಹೊತ್ತಿಗಾಗಲೇ ಅದು ಬೆವರಲು ಶುರು ಮಾಡಿತ್ತು. ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನ ಹಿಡಿಗಳಿಗೆ ತಗಲುವ ರೋಗವದು. ಮೊದಲು ಹಿಡಿಯ ಮೇಲೆ ಎಣ್ಣೆಯಂಥ ಪಸೆ ಕೂರುತ್ತದೆ, ಕರ್ಪೂರಕ್ಕೆ ಹುಳಿ ಹಿಂಡಿದಂಥ ವಾಸನೆ ಬರುತ್ತದೆ. ಆಮೇಲೆ ಅದರಿಂದೇಳುವ ಕಣ್ಣಿಗೆ ಕಾಣದ ಹಬೆ ಅಕ್ಕಪಕ್ಕದ ಉಕ್ಕನ್ನೆಲ್ಲ ತಿನ್ನತೊಡಗುತ್ತದೆ. ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಅಂಥದ್ದೊಂದು ಸೇರಿತೆಂದರೆ ಉಳಿದ ಚಾಕುಗಳ ಕಥೆ ಮುಗಿದಂತೆಯೇ. ಇದೆಲ್ಲ ಹೋಬರ್ಟನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಒರೆಸಿ, ಎರಡು ದಿನ ಗಾಳಿಗಿಟ್ಟು, ವಾಸನೆ ಕಳೆದು ತಂದಿದ್ದ.

ಅಮೆರಿಕದ ಟೆನೆಸ್ಸಿಯ ಆ ಬೆಟ್ಟದೂರಿನಲ್ಲಿ ಶನಿವಾರ ಬೆಳಗಾದರೆ ಮುದುಕರೆಲ್ಲ ಕೋರ್ಟಿನ ಅಂಗಳದ ಬೆಂಚುಗಳ ಮೇಲೆ ಕೂತು ಸೀಡರ್ ಮರದ ಕಡ್ಡಿ ಹೆರೆಯುತ್ತಾರೆ. ಹೆರೆದು ಏನನ್ನಾದರೂ ಮಾಡುತ್ತಾರೆಂದಲ್ಲ, ಸುಮ್ಮನೆ ಹೆರೆಯುತ್ತಾರೆ. ಕಾಲ ಬುಡದಲ್ಲಿ ಕೆಂಪು ಸಿಪ್ಪೆ ಗುಡ್ಡೆಯಾಗುತ್ತದೆ. ಒಬ್ಬೊಬ್ಬರ ಜೇಬಿನಲ್ಲೂ ಕನಿಷ್ಠ ಎರಡು ಬಾರ್ಲೋ. ಹಿಡಿಯ ಮೂರನೇ ಒಂದು ಪಾಲು ಬರೀ ಕಬ್ಬಿಣದ ಕಟ್ಟೇ ಇರುವ, ಒರಟಾದ, ಹೊಲದ ಕೆಲಸಕ್ಕೆಂದೇ ಹುಟ್ಟಿದ ಮಡಚುಗತ್ತಿ ಅದು. ಒಂದು ಬಳಸಲಿಕ್ಕೆ, ಇನ್ನೊಂದು ಅದಲುಬದಲಿಗೆ. ಆ ಬೆಂಚಿಗೆ ಇದ್ದದ್ದು ಒಂದೇ ಕಾನೂನು: ಕೇಳದಿದ್ದರೆ ಹೇಳಬೇಕಾಗಿಲ್ಲ, ಕೇಳಿದರೆ ಸುಳ್ಳಾಡುವಂತಿಲ್ಲ.

ಆ ಗೆಳೆಯ ವರ್ಲನ್ ಟಿಪ್ಟನ್ ಅವತ್ತು ಏನನ್ನೂ ಕೇಳಲಿಲ್ಲ. ಅಲಗನ್ನು ತೆರೆದ, ಟಕ್ಕೆಂದು ಮಡಚಿದ, ಆ ಸದ್ದಿಗೆ ತಲೆದೂಗಿ ಜೇಬಿಗಿಳಿಸಿದ. ನಲವತ್ತು ವರ್ಷಗಳಿಂದ ಇಬ್ಬರದ್ದೂ ಒಂದೇ ಬೆಂಚು. ವರ್ಲನನ ಮನೆಯಲ್ಲಿ ಅವನ ಅಜ್ಜ ಮಾಡಿದ ಮರದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಅರವತ್ತು ಬಾರ್ಲೋಗಳು. ಅಪ್ಪ ತಂಬಾಕು ಕೊಯ್ದು ಕೊಯ್ದು ಅರ್ಧಕ್ಕರ್ಧ ಸವೆಸಿದ ಅಲಗೂ ಅದರಲ್ಲೇ; ಶನಿವಾರ ಬೆಂಚಿನಲ್ಲಿ ಕೂತು ಹೆರೆಯಲಿಕ್ಕೆ ಮಾತ್ರ ಅದು ಹೊರಬರುತ್ತಿತ್ತು. ವರ್ಲನನ ಪಾಲಿಗೆ ಆಸ್ತಿ ಅಂತಿದ್ದರೆ ಅದೊಂದೇ.

ಅದೇ ಹಾಳಾಗಬೇಕಿತ್ತು ಹೋಬರ್ಟನಿಗೆ. ವಸಂತದಲ್ಲಿ ವರ್ಲನನಿಂದ ಅವನು ಮೂಳೆ ಹಿಡಿಯ ಹಳೇ ಬಾರ್ಲೋ ಒಂದನ್ನು ಅದಲುಬದಲಿನಲ್ಲಿ ಪಡೆದಿದ್ದ. ಅದನ್ನು ಜಿಲ್ಲೆಯ ಚಾಕು ಪ್ರದರ್ಶನಕ್ಕೆ ಒಯ್ದು ಮೀಸೆ ತಿರುವಿದ್ದೇ ಬಂತು. ವ್ಯಾಪಾರಿಯೊಬ್ಬ ಮಸೂರ ಹಿಡಿದು ನೋಡಿ, "ಅಲಗಿನ ಮೇಲಿರೋ ಈ ಕಂಪ್ನಿ ಹೆಸರು ಮೊನ್ನೆ ಮೊನ್ನೆ ಕೊರೆದಿರೋದು ತಾತ, ಯಾರೋ ನಿಮ್ಗೆ ಚೆನ್ನಾಗಿ ಟೋಪಿ ಹಾಕಿದಾರೆ" ಅಂದಿದ್ದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ಹೋಬರ್ಟನ ಹೊಟ್ಟೆಯಲ್ಲಿ ಕಿಚ್ಚಾಗಿ ಉಳಿಯಿತು. ವರ್ಲನನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಕೇಳಲಿಲ್ಲ, ಒಳಗೇ ಮಸೆಯುತ್ತ ಕೂತ.

ಮುಂದಿನ ಶನಿವಾರ ವರ್ಲನ್ ಕಡ್ಡಿ ಹೆರೆಯುತ್ತಲೇ ಕೇಳಿದ.

"ಆ ಹಳದಿ ಚಾಕು ವಿಷ್ಯದಲ್ಲಿ ನಂಗೇನಾದ್ರೂ ಗೊತ್ತಿರ್ಬೇಕೇನಯ್ಯಾ?"

ಹೋಬರ್ಟ್ ತನ್ನ ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ಏನಿರುತ್ತಪ್ಪಾ, ಚಾಕು ಚಾಕೇ."

"ಅಲ್ಲ, ಅಜ್ಜನ ಪೆಟ್ಟಿಗೇಲಿ ಇಡ್ಬೋದಾ ಅಂತ."

"ಇಡು. ಅದಕ್ಕೇನಂತೆ" ಅಂದುಬಿಟ್ಟ ಪಾಪಿ. ಬೆಂಚಿನ ಕಾನೂನು ಅಲ್ಲಿಗೆ ಮುರಿಯಿತು, ಮುರಿದದ್ದು ಇಬ್ಬರಿಗಷ್ಟೇ ಕೇಳಿಸಿತು.

ಅದರ ಮುಂದಿನ ಶನಿವಾರವೂ ಅದೇ ಪ್ರಶ್ನೆ. ಅದರಾಚೆಯ ಶನಿವಾರವೂ. ದನಿಯಲ್ಲಿ ಸಿಟ್ಟಿಲ್ಲ, ಸೆಡವಿಲ್ಲ, ಮಳೆ ಬರುತ್ತೋ ಇಲ್ಲವೋ ಅನ್ನುವಷ್ಟು ಸಲೀಸಾಗಿ ಕೇಳುತ್ತಿದ್ದ. ಹೋಬರ್ಟನಿಗೆ ಭಯ ಹುಟ್ಟಿದ್ದು ಅದರಿಂದಲೇ. ನಾಲ್ಕನೇ ವಾರ ವರ್ಲನ್ ಯಾವುದೋ ಹಾರ್ಡ್‌ವೇರ್ ಅಂಗಡಿಯ ಹೊಸ ಚಾಕುವಿನಿಂದ ಹೆರೆಯುತ್ತಿದ್ದ.

"ನಿಮ್ಮಪ್ಪಂದು ಎಲ್ಲಪ್ಪಾ?" ಹೋಬರ್ಟ್ ಕೇಳಿದ.

"ಅದನ್ನ ಇಲ್ಲಿಗೆ ತರೋ ಹಾಗಿಲ್ಲ ಈಗ." ಅಷ್ಟೇ ಹೇಳಿ ವರ್ಲನ್ ಕಡ್ಡಿಯತ್ತ ಬಗ್ಗಿದ.

ಹೋಬರ್ಟನಿಗೆ ಬೇಕಾಗಿದ್ದು ಇದೇ ಅಲ್ಲವೇ? ಕುಣಿದಾಡಬೇಕಿತ್ತು. ಆದರೆ ಅವತ್ತಿನಿಂದ ಅವನ ಕಣ್ಣ ಮುಂದೆ ಆ ಪೆಟ್ಟಿಗೆಯೇ ನಿಂತಿತು. ಅರವತ್ತು ಅಲಗುಗಳು ಕತ್ತಲಲ್ಲಿ ಕೂತು ಸದ್ದಿಲ್ಲದೆ ಹುಳ ಹಿಡಿದ ಹಲ್ಲಿನ ಹಾಗೆ ಒಳಗೊಳಗೇ ಸವೆಯುತ್ತಿವೆ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆಗೆ ಇನ್ನೆರಡು ಹೋಗಿರುತ್ತವೆ ಅನ್ನುವುದೂ ಗೊತ್ತಿತ್ತು. ಆರನೇ ವಾರವೂ ಪ್ರಶ್ನೆ ಬಂತು, ಏಳನೇ ವಾರವೂ. ಪ್ರತಿ ಸಲವೂ ಅದೇ ಸುಳ್ಳು ಹೇಳಿದ.

ಎಂಟನೇ ಶನಿವಾರ ವರ್ಲನ್ ಏನೂ ಕೇಳಲಿಲ್ಲ. ಇಡೀ ಬೆಳಗ್ಗೆ ಪಕ್ಕದಲ್ಲಿ ಕೂತು, ಕಡ್ಡಿ ಮುಗಿದ ಮೇಲೆ ಮಡಿಲಿನ ಸಿಪ್ಪೆ ಕೊಡವಿ ಎದ್ದು ಹೋದ. ಹೋಬರ್ಟನಿಗೆ ಎಲ್ಲಿಲ್ಲದ ಹೆದರಿಕೆ ಹತ್ತಿಕೊಂಡಿತು.

ಭಾನುವಾರ ಬೆಳಗ್ಗೆ ತಿಂಡಿಗೆ ಕೂತವನು ತನಗಿಷ್ಟದ ಗ್ರೇವಿಯಿದ್ದ ತಟ್ಟೆಯನ್ನು ಹಾಗೇ ಸರಿಸಿದ. ಹೆಂಡತಿ ನಯೋಮಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಗ್ರೇವಿ ಬಿಟ್ಟಿದೀರಾ ಅಂದ್ರೆ ಯಾರೋ ಸತ್ತಿರ್ಬೇಕು. ಏನು, ಬೊಗಳ್ರೀ."

ಬೊಗಳಿದ. ಅವಳು ಪೂರ್ತಿ ಕೇಳಿಸಿಕೊಂಡು ಟ್ರಕ್ಕಿನ ಕೀಲಿ ತಂದು ಮುಂದೆ ಎಸೆದಳು.

"ಎದ್ದು ಹೋಗಿ ಹೇಳ್ಬಿಟ್ಟು ಬನ್ನಿ. ಈ ಮನಸ್ಸಿಟ್ಕೊಂಡು ಚರ್ಚಲ್ಲಿ ನನ್ ಪಕ್ಕ ಕೂರ್ಬೇಡಿ."

ವರ್ಲನ್ ಜಗಲಿಯಲ್ಲೇ ಕೂತಿದ್ದ. ಹೋಬರ್ಟ್ ಮೆಟ್ಟಿಲ ಕೆಳಗೇ ನಿಂತು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ: ಹಿಡಿ ಕೊಳೆಯುತ್ತಿತ್ತು, ಗೊತ್ತಿದ್ದೇ ಕೊಟ್ಟೆ, ಕೇಳಿದಾಗಲೆಲ್ಲ ಸುಳ್ಳಾಡಿದೆ.

"ನೀನು ಆ ಕಳ್ಳ ಹೆಸರಿನ ಚಾಕು ನನ್ ತಲೆಗೆ ಕಟ್ಟಿದ್ಯಲ್ಲ, ಅದಕ್ಕೆ" ಅಂತ ಕೊನೆಗೆ ಸೇರಿಸಿದ.

"ಯಾವ್ದು?"

"ಮೂಳೆ ಹಿಡೀದು. ವಸಂತದಲ್ಲಿ ಕೊಟ್ಯಲ್ಲ."

ವರ್ಲನ್ ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿದ. "ಅದು ನಕಲಿ ಮಾಲಾ? ನಂಗೆ ಗೊತ್ತೇ ಇರ್ಲಿಲ್ಲ ಕಣಯ್ಯಾ. ಬಂದು ಹೇಳಿದ್ರೆ ವಾಪಸ್ ತಗೋತಿದ್ದೆ."

ಹೋಬರ್ಟನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಪೆಟ್ಟಿಗೆ?" ಅಂದ.

"ಪೆಟ್ಟಿಗೆಗೇನಾಗಿದೆ? ನನ್ ಮೂಗಿನ್ನೂ ಸತ್ತಿಲ್ಲ. ನೀನು ಕೊಟ್ಟ ಸಂಜೇನೇ ವಾಸನೆ ಹೊಡೀತು."

ಹೋದ ಜೀವ ಬಂದಂತಾಗಿ ಹೋಬರ್ಟ್ ಮೆಟ್ಟಿಲ ಮೇಲೆಯೇ ಕೂತ. ವರ್ಲನ್ ಎದ್ದು ಕೊಟ್ಟಿಗೆಗೆ ಹೋಗಿ, ಉಪ್ಪಿನಕಾಯಿ ಹಾಕುವಂಥ ಒಂದು ಗಾಜಿನ ಜಾಡಿ ತಂದು ಅವನ ಪಕ್ಕದಲ್ಲಿಟ್ಟ. ಮುಚ್ಚಳ ಬಿಗಿಯಾಗಿತ್ತು. ಒಳಗೆ ಹಳದಿ ಹಿಡಿ ಬಿರುಕುಬಿಟ್ಟು ಪುಡಿಯಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಬಾರ್ಲೋ, ಮೈಯೆಲ್ಲ ಕೆಂಪು ತುಕ್ಕು, ಹಿತ್ತಾಳೆಯಿದ್ದ ಕಡೆ ಹಸಿರು ಕೀವಿನಂಥದ್ದು. ಹೋಬರ್ಟ್ ಜಾಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದ. ಆ ತುಕ್ಕು ಹಿಡಿದ ಬಾರ್ಲೋದ ಹಿಡಿಯ ಮೇಲೆ ಮೊಳೆಯಿಂದ ಗೀಚಿದ ಎರಡು ಅಕ್ಷರ ಕಂಡವು. ಗೀಚಿದವನು ಹೋಬರ್ಟನೇ. ವರ್ಲನನ ತಾಯಿ ತೀರಿಕೊಂಡ ವರ್ಷ, ಗುಂಡಿ ತೋಡಿ ಮುಗಿಸಿದ ಮೇಲೆ, ತನ್ನ ಜೇಬಿನಿಂದಲೇ ತೆಗೆದು ಅದನ್ನು ಗೆಳೆಯನಿಗೆ ಕೊಟ್ಟಿದ್ದ.

"ನಿಂದೊಂದನ್ನೇ ಅದರ ಜೊತೆ ಇಟ್ಟೆ" ವರ್ಲನ್ ಅಂದ. "ಪ್ರತಿ ಶನಿವಾರ ಕೇಳ್ದೆ. ನೀನು ಬಾಯಿ ಬಿಟ್ಟಿದ್ರೆ ಮನೆಗೆ ಓಡ್ಬಂದು ತೆಗೀತಿದ್ದೆ. ಮೂರನೇ ವಾರದ ತನಕ ಒರೆಸಿದ್ರೆ ಹೋಗ್ತಿತ್ತು."

ಹೋಬರ್ಟ್ ಮುಚ್ಚಳ ತಿರುಚಿ ಆ ತುಕ್ಕು ಹಿಡಿದ ಚಾಕುವನ್ನು ಹೊರತೆಗೆದ. ಉಗುರು ಸಿಕ್ಕಿಸಿ ಅಲಗನ್ನು ಎಳೆದ. ಬರಲಿಲ್ಲ. ಮತ್ತೆ ಎಳೆದ, ಉಗುರು ಮುರಿಯಿತು.

"ಎರಡೂ ನಿನ್ನವೇ, ತಗೊಂಡು ಹೋಗು" ಅಂದು ವರ್ಲನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.