ಬೂದಿಗುಂಡಿಯ ವಿಭೂತಿ ಬಟ್ಟಲು

ಭೀಮನಬೀಡಿನ ಪುಟ್ಟಬಸಪ್ಪನವರಿಗೆ ಹೊಲ, ತೋಟ, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಮರ್ಯಾದೆ, ಎಲ್ಲವೂ ಇತ್ತು. ಇಲ್ಲದ್ದು ಪುರಾವೆ. ಈ ಊರಿಗೆ ಮೊದಲು ಬಂದು ಒಲೆ ಹೂಡಿದವರು ತಮ್ಮ ವಂಶದವರೇ ಎಂದು ಹೇಳಿ ಹೇಳಿ ಅವರ ನಾಲಿಗೆ ಸವೆದಿತ್ತು. ಊರವರು ಹೂಂಗುಟ್ಟಿ, ಎಲೆಯಡಿಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಅದು ಅವರ ಹೊಟ್ಟೆ ಉರಿಸುತ್ತಿತ್ತು.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಪುರಾತತ್ವದ ಮೀನಾ ಮೇಡಂ ಮೈಸೂರಿನಿಂದ ಬಂದು, ಅವರ ಹೊಲದಂಚಿನ ದಿಬ್ಬ ಅಗೆಯಬಹುದಾ ಎಂದು ಕೇಳಿದರು. ಪುಟ್ಟಬಸಪ್ಪ ಕುಣಿಯುವುದೊಂದು ಬಾಕಿ.

"ಅಗೀರಿ ತಾಯಿ, ಅಗೀರಿ! ನಮ್ಮೋರ ಅರಮ್ನೆ ಅದು!"

ಅಷ್ಟಕ್ಕೇ ಬಿಡಬೇಡವೇ? ಹರದನಹಳ್ಳಿಯ ಬೀಗರಿಗೂ, ನಮ್ಮ ಮೂಲ ಮಣ್ಣಿನಿಂದ ಈಚೆಗೆ ಬರುತ್ತಿದೆ, ಬಂದು ನೋಡಿ ಎಂದು ಹೇಳಿಕಳಿಸಿಬಿಟ್ಟರು.

ಅರಮನೆ ಬರಲಿಲ್ಲ. ಬಂದದ್ದು ಬೂದಿ, ಮಡಕೆಚೂರು, ಕರಕಲಾದ ಕಾಳು. ಮೇಡಂ ಮಾತ್ರ ಹಬ್ಬದೂಟಕ್ಕೆ ಕೂತವರ ಹಾಗೆ ಹಿಗ್ಗಿದರು.

"ಇದು ಹಳೇ ಕಾಲದವರ ತಿಪ್ಪೆ, ಯಜಮಾನ್ರೇ. ಏನು ತಿಂದರು, ಯಾವುದರಲ್ಲಿ ಬೇಯಿಸಿದರು, ಎಲ್ಲಾ ಇಲ್ಲಿ ಗೊತ್ತಾಗುತ್ತೆ. ಒಂದೇ ಪದರದಲ್ಲಿ ಜೊತೆಗೆ ಸಿಕ್ಕಿದ್ದು ಒಂದೇ ಕಾಲದವರದ್ದು ಅಂತ ನಾವು ಹಿಡೀತೀವಿ."

ತಿಪ್ಪೆ! ಬೀಗರು ಬೇರೆ ನಾಳೆ ಬರುವವರಿದ್ದಾರೆ. ಪುಟ್ಟಬಸಪ್ಪನವರಿಗೆ ಊಟ ಸೇರಲಿಲ್ಲ. ಆದರೆ ಜೊತೆಗೆ ಸಿಕ್ಕಿದ್ದು ಎಂಬ ಮಾತು ತಲೆಯೊಳಗೆ ಕೂತಿತ್ತು. ಸಂಜೆ ಅಗೆಯುವವರೆಲ್ಲ ಗುಂಡ್ಲುಪೇಟೆಗೆ ಹೊರಟ ಮೇಲೆ ಅಟ್ಟದಿಂದ ತಾತನ ಕಾಲದ ತಾಮ್ರದ ವಿಭೂತಿ ಬಟ್ಟಲು ಇಳಿಸಿ, ಬೂದಿಗುಂಡಿಯಲ್ಲಿ ಹೂತು, ಮೇಲೆ ನುಣ್ಣಗೆ ಬೂದಿ ಸವರಿ ಬಂದರು. ತಿಪ್ಪೆಯಾದರೇನು, ಶಿವಭಕ್ತರ ತಿಪ್ಪೆಯಾದರೆ ಸಾಕು. ಮಹಾ ಬುದ್ಧಿವಂತರು!

ಮಾರನೆಯ ದಿನ ಬೀಗರು ಬಂದರು. ಊರೂ ಸೇರಿತು. ಗುಂಡಿಯಲ್ಲಿ ಮಣ್ಣು ತೆಗೆಯುತ್ತಿದ್ದ ಮಾರಯ್ಯ, ಮೊದಲೇ ಬಾಯಿಬಡುಕ, ಕೂಗಿದ: "ಮೇಡಮ್ಮೋರೇ, ಏನೋ ಸಿಕ್ತು ಕಣಿ!"

"ವಿಭೂತಿ ಬಟ್ಲು! ನಮ್ಮೋರ್ದು!" ಪುಟ್ಟಬಸಪ್ಪ ಟವೆಲ್ ಕೊಡವಿ ನಿಂತರು. "ಎಲ್ರೂ ನೋಡ್ಕಳಿ, ಆಮೇಕೆ ನೋಡ್ಲಿಲ್ಲ ಅನ್ಬ್ಯಾಡಿ!"

ಮೀನಾ ಬ್ರಷ್ಷಿನಿಂದ ಬಟ್ಟಲ ಸುತ್ತ ಮೆಲ್ಲಗೆ ಬೂದಿ ಗುಡಿಸಿದರು. ಪಕ್ಕದಲ್ಲೇ ಒಂದು ಮೂಳೆ ಕಂಡಿತು. ಅದರಾಚೆ ಇನ್ನೊಂದು.

"ಕುರಿಮೂಳೆ. ಇಲ್ಲಿ ನೋಡಿ, ಕತ್ತಿಯ ಗುರುತು. ಸೀಳಿ ಒಳಗಿನ ಮಜ್ಜೆ ಹೀರಿದ್ದಾರೆ. ಬಟ್ಟಲು ಇದರ ಜೊತೆಯದೇ ಆದರೆ, ಬಟ್ಟಲಿನವರು ಚೆನ್ನಾಗಿ ಬಾಡೂಟ ಮಾಡಿದ್ದಾರೆ."

ಬೀಗರು ಹಿಂದಕ್ಕೆ ಸರಿದರು. ಪಕ್ಕದ ಮನೆಯಲ್ಲಿ ಮೊಟ್ಟೆ ಬೇಯಿಸಿದರೂ ಕಿಟಕಿ ಮುಚ್ಚುವ ಪುಟ್ಟಬಸಮ್ಮ ಗಂಡನನ್ನು ದುರುಗುಟ್ಟಿ ನೋಡಿದರು.

"ಮೂಳೆ ಚೀಪೋರ ಮನೆಗಾ ನಮ್ಮಪ್ಪ ನನ್ನ ಕೊಟ್ಬುಟ್ಟಿದ್ದು?"

"ಅಯ್ಯೋ ಶಿವನೇ, ಅಲ್ಲ ಕಣೆ! ಅದು ನಮ್ಮಟ್ಟದ್ದು! ನಾನೇ ನೆನ್ನೆ ಊತ್ಬುಟ್ಟೆ!"

ಜನ ಬಿದ್ದು ಬಿದ್ದು ನಕ್ಕರು. ಮೀನಾ ಬಟ್ಟಲೆತ್ತಿ, ಅದರಡಿಯಿಂದ ಒಂದು ಚೀಟಿ ತೆಗೆದು ತೋರಿಸಿದರು. ಗುಂಡ್ಲುಪೇಟೆ ಬಸ್ಸಿನ ಟಿಕೆಟ್ಟು. ಹಿಂದಿನ ಸಂಜೆ ಹೂಳಲು ಬಗ್ಗಿದಾಗ ಪುಟ್ಟಬಸಪ್ಪನವರ ಜೇಬಿನಿಂದ ಬಿದ್ದದ್ದು.

"ಮಣ್ಣು ಸಡಿಲ ಇದ್ದಾಗಲೇ ಅನುಮಾನ ಬಂತು. ನೀವೇ ಹೇಳ್ಲಿ ಅಂತ ಕಾದೆ. ಬಟ್ಟಲು ನಿಮ್ಮದು, ತಗೊಂಡು ಹೋಗಿ. ಮೂಳೆ ಮಾತ್ರ ಗಟ್ಟಿ ಪದರದ್ದು, ಸಾವಿರಾರು ವರ್ಷದ್ದಿರಬೇಕು. ಇಲ್ಲಿ ಇದಕ್ಕಿಂತ ಹಳೇದು ಏನೂ ಸಿಕ್ಕಿಲ್ಲ."

"ಆ ಮೂಳೆ ನಮ್ದಲ್ಲ!" ಪುಟ್ಟಬಸಪ್ಪ ಎದೆ ತಟ್ಟಿಕೊಂಡರು. "ಬರ್ಕಳಿ! ನಮ್ಮೋರು ಅದ ಕಣ್ಣೆತ್ತೂ ನೋಡೋರಲ್ಲ!"

"ಅಂಗಾರೆ ನಮ್ದು ಅಂತ ಬರ್ಕಳಿ ಮೇಡಮ್ಮೋರೇ," ಎಂದ ಮಾರಯ್ಯ, ಗುಂಡಿಯಿಂದಲೇ. "ನಾವು ತಿಂತೀವಿ, ನಮ್ಗೇನ್ ನಾಚ್ಕೆ? ಊರ್ಗೆ ಮೊದ್ಲು ಒಲೆ ಊಡ್ದೋರು ನಾವೇ ಅಂತಾಯ್ತು. ಈ ಬುದ್ದಿಯೋರ ವಂಶ್ದೋರು ಆಮೇಕೆ ಬಂದ್ರು. ಬಂದಿದ್ದು ಒಳ್ಳೇದೇ ಆಯ್ತು ಬುಡಿ."

ಮೂಳೆ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ, ತಿಂದವರು ಯಾರ ಪೈಕಿ ಎಂದು ಹೇಳಲು ಬರುವುದಿಲ್ಲ ಎಂದು ಮೀನಾ ಅಂದರು. ಯಾರು ಕೇಳುತ್ತಾರೆ? ಬೀಗರೂ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಪುಟ್ಟಬಸಪ್ಪನವರ ಮುಖ ಇಂಗು ತಿಂದ ಮಂಗನಂತಾಗಿತ್ತು. ಬೇಡ ಬೇಡ ಎಂದು ಬಾಯಾರೆ ಹೇಳಿ, ಊರಿನ ಮೊದಲ ಒಲೆಯನ್ನು ತಾವೇ ಮಾರಯ್ಯನ ಕೈಗಿತ್ತಿದ್ದರು.

ಪುಟ್ಟಬಸಮ್ಮ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು, ಬೀಗರನ್ನು ಕರೆದುಕೊಂಡು ಮನೆಯ ಕಡೆ ಹೊರಟರು. ಅವರು ಬೇಲಿ ದಾಟುವ ತನಕ ಪುಟ್ಟಬಸಪ್ಪ ಕಾದರು. ಆಮೇಲೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಮೇಡಮ್ಮೋರೇ, ಆ ಮೂಳೇಲಿ ನಮ್ಮೋರು ಚೀಪಿದ್ದೂ ಒಂದೆರ್ಡು ಇರ್ಬೌದಲ್ವಾ?"